ಕಾಗದ ಬರೆದ ಕಚೇರಿ ಯಾವುದು? ರಾಜ್ಯಶಾಸ್ತ್ರದ ಆಕರಗಳನ್ನು ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ರಾಜ್ಯಶಾಸ್ತ್ರದ ಸಂಶೋಧನೆಗೆ ಗ್ರಂಥಾಲಯಗಳಲ್ಲಿ ಆಕರಗಳನ್ನು ಹುಡುಕುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ವಿಷಯಗಳು ಬೇರೆಬೇರೆಯಾದರೂ ಬಹುಪಾಲು ಪತ್ರಗಳ ಹಿಂದಿರುವ ತೊಡಕು ಒಂದೇ. ಬೇಕಾದ ದಾಖಲೆಯನ್ನು ಎಲ್ಲರೂ ವಿಷಯದ ಹೆಸರಿನಲ್ಲಿ ಹುಡುಕಿದ್ದಾರೆ. ಆ ದಾಖಲೆಯನ್ನು ಯಾವ ಸರ್ಕಾರದ ಯಾವ ಕಚೇರಿ, ಯಾವ ಕೆಲಸಕ್ಕಾಗಿ ಬರೆಯಿತು ಎಂದು ಯಾರೂ ಕೇಳಿಕೊಂಡಂತಿಲ್ಲ. ಆ ಒಂದು ಪ್ರಶ್ನೆಯನ್ನು ಮೊದಲೇ ಇತ್ಯರ್ಥಪಡಿಸಿಕೊಂಡರೆ ಯಾವ ಊರಿಗೆ ಹೋಗಬೇಕು, ಯಾವ ಕಪಾಟನ್ನು ನೋಡಬೇಕು, ಯಾವ ಹೆಸರಿನಲ್ಲಿ ಕೇಳಬೇಕು ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ಎಂ.ಎ. ಕಿರುಪ್ರಬಂಧಕ್ಕೆ ಕರ್ನಾಟಕದ ಪಂಚಾಯತ್ ರಾಜ್ ವ್ಯವಸ್ಥೆಯನ್ನು ಆರಿಸಿಕೊಂಡಿದ್ದೇನೆ. ಅಂತರ್ಜಾಲದಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಪುಟಗಳು ಬರುತ್ತವೆ, ಯಾವುದನ್ನು ನಂಬಬೇಕೆಂದು ತಿಳಿಯುತ್ತಿಲ್ಲ. ಗ್ರಂಥಾಲಯದಲ್ಲಿ ಮೊದಲು ಯಾವ ಪುಸ್ತಕವನ್ನು ತೆರೆಯಬೇಕು?
— ಸ್ನಾತಕೋತ್ತರ ವಿದ್ಯಾರ್ಥಿ, ಧಾರವಾಡ

ಉತ್ತರ: ಮೊದಲು ನೋಡಬೇಕಾದದ್ದು ನಿಮ್ಮ ವಿಷಯದ ಮೇಲೆ ಈಗಾಗಲೇ ಏನೇನು ಬರೆಯಲಾಗಿದೆ ಎಂದು ತಿಳಿಸುವ ಪರಾಮರ್ಶನ ಗ್ರಂಥಗಳನ್ನು. ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯು ರಾಜ್ಯಶಾಸ್ತ್ರದಲ್ಲಿ ನಡೆದ ಸಂಶೋಧನೆಯನ್ನು ಸಮೀಕ್ಷಿಸುವ ಸಂಪುಟಗಳನ್ನು ಕಾಲಕಾಲಕ್ಕೆ ಪ್ರಕಟಿಸುತ್ತ ಬಂದಿದೆ. 2013ರಲ್ಲಿ ಹೊರಬಂದ ನಾಲ್ಕು ಸಂಪುಟಗಳು ಭಾರತದ ಪ್ರಭುತ್ವ, ಪ್ರಜಾಪ್ರಭುತ್ವ, ರಾಜಕೀಯ ಚಿಂತನೆ ಮತ್ತು ವಿದೇಶ ಸಂಬಂಧಗಳನ್ನು ಒಳಗೊಂಡಿವೆ. ಲೇಖನಗಳಿಗಾಗಿ 1964ರಿಂದ ಪ್ರಕಟವಾಗುತ್ತಿರುವ ‘ಗೈಡ್ ಟು ಇಂಡಿಯನ್ ಪೀರಿಯಾಡಿಕಲ್ ಲಿಟರೇಚರ್’ ಎಂಬ ಸೂಚಿಯಿದೆ. ವಿದೇಶಿ ನಿಯತಕಾಲಿಕಗಳ ಲೇಖನಗಳಿಗೆ ಅಂತರರಾಷ್ಟ್ರೀಯ ರಾಜ್ಯಶಾಸ್ತ್ರ ಸಂಘವು 1951ರಿಂದ ಹೊರತರುತ್ತಿರುವ ಸಾರಸಂಗ್ರಹವನ್ನು ನೋಡಬೇಕು. ಪಾರಿಭಾಷಿಕ ಪದಗಳ ಕನ್ನಡ ರೂಪ ಮತ್ತು ಹಿನ್ನೆಲೆಗೆ ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ ಇಂದಿಗೂ ಉಪಯುಕ್ತ, ಆದರೆ ಅದರ ಅಂಕಿ ಅಂಶಗಳು ಆಯಾ ಸಂಪುಟ ಅಚ್ಚಾದ ಕಾಲದವು ಎಂಬುದನ್ನು ನೆನಪಿನಲ್ಲಿಡಿ.

ನಿಮ್ಮ ವಿಷಯದಲ್ಲಿ ಒಂದು ವಿಶೇಷ ತೊಡಕಿದೆ. ಒಂದೇ ಸಂಸ್ಥೆಗೆ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಹೆಸರುಗಳಿದ್ದವು. 1959ರ ಮೈಸೂರು ಕಾಯಿದೆಯ ಕಾಲದ ಕಾಗದಗಳನ್ನು ಹುಡುಕುವವರು ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಹೆಸರುಗಳನ್ನು ಹಿಡಿಯಬೇಕು. 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆ ನಡೆದು ಅಸ್ತಿತ್ವಕ್ಕೆ ಬಂದವು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು. ಸಂವಿಧಾನದ 73ನೆಯ ತಿದ್ದುಪಡಿಯ ತರುವಾಯ 1993ರ ಕಾಯಿದೆಯು ಜಿಲ್ಲಾ, ತಾಲ್ಲೂಕು, ಗ್ರಾಮ ಪಂಚಾಯತಿಗಳನ್ನು ತಂದಿತು. ‘ಗ್ರಾಮ ಪಂಚಾಯತಿ’ ಎಂದು ಮಾತ್ರ ಹುಡುಕಿದವರಿಗೆ ಮಂಡಲ ಪಂಚಾಯಿತಿಗಳ ಕಾಲದ ಬರವಣಿಗೆಯೆಲ್ಲ ಕೈತಪ್ಪಿ ಹೋಗುತ್ತದೆ, ಅದೂ ದೇಶದ ಗಮನ ಕರ್ನಾಟಕದ ಕಡೆಗೆ ತಿರುಗಿದ್ದ ವರ್ಷಗಳ ಬರವಣಿಗೆ. ಆ ಪ್ರಯೋಗವನ್ನು ಮುನ್ನಡೆಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲಿ ಮೈಸೂರಿನಲ್ಲಿರುವ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಗ್ರಂಥಾಲಯ ಮತ್ತು ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಗ್ರಂಥಾಲಯ, ಇವೆರಡನ್ನು ನೀವು ತಪ್ಪದೆ ನೋಡಬೇಕು. ಎರಡನೆಯದು ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಂಸ್ಥೆಯಾಗಿದ್ದು, ಕರ್ನಾಟಕದ ಸಮಾಜವಿಜ್ಞಾನದ ಮಟ್ಟಿಗೆ ಅದರಷ್ಟು ನೆರವಾಗುವ ಗ್ರಂಥಾಲಯಗಳು ರಾಜ್ಯದಲ್ಲಿ ವಿರಳ.

ಪ್ರಶ್ನೆ: ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ 1948ರಿಂದ 1956ರವರೆಗೆ ನಡೆದ ರಾಜಕಾರಣವನ್ನು ಕುರಿತು ಪಿಎಚ್.ಡಿ. ಅಧ್ಯಯನ ಕೈಗೊಂಡಿದ್ದೇನೆ. ಏಕೀಕರಣದ ಬಗ್ಗೆ ನಮ್ಮ ಗ್ರಂಥಾಲಯದಲ್ಲಿರುವ ಪುಸ್ತಕಗಳು ಒಂದನ್ನೊಂದು ಉದ್ಧರಿಸುತ್ತವೆಯೇ ಹೊರತು ಮೂಲ ದಾಖಲೆಗಳತ್ತ ಕರೆದೊಯ್ಯುವುದಿಲ್ಲ. ಬೆಂಗಳೂರಿನಲ್ಲಿ ವಿಚಾರಿಸಿದಾಗ ಸಮಾಧಾನಕರ ಉತ್ತರ ಸಿಗಲಿಲ್ಲ. ಎಲ್ಲಿ ಹುಡುಕಲಿ?
— ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕಲಬುರಗಿ, ರಾಯಚೂರು, ಬೀದರ್ ಇಂದು ಕರ್ನಾಟಕದಲ್ಲಿ ಇರುವುದರಿಂದ ಅವುಗಳ ಹಳೆಯ ದಾಖಲೆಗಳೂ ಬೆಂಗಳೂರಿನಲ್ಲಿಯೇ ಇರಬೇಕೆಂದು ಭಾವಿಸುವುದು ಸಹಜ. ಆದರೆ ಜಿಲ್ಲೆಗಳು ರಾಜ್ಯದಿಂದ ರಾಜ್ಯಕ್ಕೆ ಹೋದಾಗ ಸಚಿವಾಲಯದ ಕಡತಗಳೆಲ್ಲ ಅವುಗಳ ಬೆನ್ನ ಹಿಂದೆ ಹೋಗುವುದಿಲ್ಲ. ಬರೆದ ಸರ್ಕಾರದ ರಾಜಧಾನಿಯಲ್ಲಿಯೇ ಬಹುಪಾಲು ಉಳಿದುಬಿಡುತ್ತವೆ. ಆದ್ದರಿಂದ ನೀವು ಆರಿಸಿಕೊಂಡ ಎಂಟು ವರ್ಷಗಳಲ್ಲಿ ನಿಮ್ಮ ಜಿಲ್ಲೆಗಳನ್ನು ಯಾರು ಯಾರು ಆಳಿದರು ಎಂಬ ಒಂದು ಪಟ್ಟಿಯನ್ನು ಮೊದಲು ಮಾಡಿಕೊಳ್ಳಿ.

1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಸರ್ಕಾರವಿತ್ತು. ಪೊಲೀಸ್ ಕಾರ್ಯಾಚರಣೆಯ ತರುವಾಯ 1949ರ ಕೊನೆಯವರೆಗೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರು ಸೈನಿಕ ಗವರ್ನರ್ ಆಗಿದ್ದರು. 1950ರಲ್ಲಿ ಎಂ.ಕೆ. ವೆಲ್ಲೋಡಿ ಅವರ ನೇತೃತ್ವದ ನೇಮಿತ ಸರ್ಕಾರ ಬಂದಿತು, ಮೊದಲ ಮಹಾಚುನಾವಣೆಯ ಬಳಿಕ 1952ರಲ್ಲಿ ಬೂರ್ಗುಲ ರಾಮಕೃಷ್ಣ ರಾವ್ ಅವರ ಚುನಾಯಿತ ಸರ್ಕಾರ ಬಂದು 1956ರ ಅಕ್ಟೋಬರ್ ಕೊನೆಯವರೆಗೆ ನಡೆಯಿತು. ಮೊದಲಿನ ಆಡಳಿತ ಬಿಟ್ಟುಹೋದದ್ದು ಹೆಚ್ಚಾಗಿ ಉರ್ದು ಕಡತಗಳನ್ನು. ಸೈನಿಕ ಗವರ್ನರ್ ಮತ್ತು ವೆಲ್ಲೋಡಿ ಅವರ ಕಾಲದಲ್ಲಿ ದೆಹಲಿಯೊಡನೆ ನಡೆದ ಪತ್ರವ್ಯವಹಾರ ಬಹಳ ಮುಖ್ಯವಾದದ್ದು, ಏಕೆಂದರೆ ಸಂಸ್ಥಾನಗಳ ಸಚಿವಾಲಯವೇ ಆಗ ಅಂತಿಮ ನಿರ್ಧಾರಗಳನ್ನು ಕೈಗೊಳ್ಳುತ್ತಿತ್ತು. 1952ರ ತರುವಾಯ ಮಾತ್ರ ನಿಮಗೆ ಸದನದ ಚರ್ಚೆಗಳು ದೊರೆಯುತ್ತವೆ.

ಇದರಂತೆ ನಿಮ್ಮ ದಾರಿ ಮುಖ್ಯವಾಗಿ ಎರಡು ನಗರಗಳಿಗೆ ಹೋಗುತ್ತದೆ. ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಕಾಲದ ಪಾರಸಿ ಮತ್ತು ಉರ್ದು ದಾಖಲೆಗಳ ದೊಡ್ಡ ಸಂಗ್ರಹವಿದೆ. ಉರ್ದು ಓದಲು ಬಾರದಿದ್ದರೆ ಅದನ್ನೇ ಕಾರಣ ಮಾಡಿಕೊಂಡು ಈ ಸಂಗ್ರಹವನ್ನು ಬಿಟ್ಟುಬಿಡಬೇಡಿ. ನಿಮ್ಮ ಜಿಲ್ಲೆಯಲ್ಲಿಯೇ ಉರ್ದು ಬಲ್ಲ ಹಿರಿಯರು ಅನೇಕರಿದ್ದಾರೆ, ಕಡತದ ಶೀರ್ಷಿಕೆ ಮತ್ತು ಇಲಾಖೆಗಳ ಹೆಸರುಗಳನ್ನು ಗುರುತಿಸುವಷ್ಟು ಅಕ್ಷರಜ್ಞಾನವನ್ನು ಕೆಲವು ತಿಂಗಳಲ್ಲಿ ಸಂಪಾದಿಸಬಹುದು. ಅದೇ ನಗರದ ಅಫ್ಜಲ್‌ಗಂಜ್‌ನಲ್ಲಿ, 1891ರಲ್ಲಿ ಆಸಫಿಯಾ ಗ್ರಂಥಾಲಯವೆಂದು ಆರಂಭವಾದ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಆ ಕಾಲದ ಪತ್ರಿಕೆಗಳನ್ನು ಅಲ್ಲಿ ವಿಚಾರಿಸಬೇಕು. 1952ರಿಂದ 1956ರವರೆಗಿನ ಹೈದರಾಬಾದ್ ವಿಧಾನಸಭೆಯ ಚರ್ಚೆಗಳನ್ನು ಕೇಳಬೇಕಾದದ್ದೂ ಹೈದರಾಬಾದಿನಲ್ಲಿಯೇ, ಅಲ್ಲಿನ ಶಾಸನಸಭೆಯ ಗ್ರಂಥಾಲಯದಲ್ಲಿ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ಶಾಸಕರು ಭಾಷಾವಾರು ವಿಂಗಡಣೆಯ ಬಗ್ಗೆ ಏನು ಹೇಳಿದರು ಎಂಬುದನ್ನು ನಂತರದ ಸ್ಮರಣ ಸಂಚಿಕೆಗಳಿಂದ ತಿಳಿಯುವುದಕ್ಕಿಂತ ಈ ಚರ್ಚೆಗಳಿಂದ ತಿಳಿಯುವುದು ಎಷ್ಟೋ ಮೇಲು. ಏಕೆಂದರೆ ಏಕೀಕರಣ ಆಗಿಯೇ ತೀರುತ್ತದೆಂದು ಯಾರಿಗೂ ಖಚಿತವಿರದಿದ್ದ ದಿನಗಳಲ್ಲಿ ಆಡಿದ ಮಾತುಗಳು ಅವು.

ಎರಡನೆಯ ನಗರ ದೆಹಲಿ. ಸಂಸ್ಥಾನಗಳ ಸಚಿವಾಲಯದ ಮತ್ತು ಗೃಹ ಸಚಿವಾಲಯದ ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ‘ಅಭಿಲೇಖ್ ಪಟಲ್’ ಎಂಬ ಅದರ ಜಾಲತಾಣದಲ್ಲಿ ಕಡತಗಳ ಸೂಚಿಯನ್ನು ಮನೆಯಿಂದಲೇ ಹುಡುಕಬಹುದು, ಕೆಲವನ್ನು ಪೂರ್ತಿಯಾಗಿ ಓದಲೂಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ನಿಮ್ಮ ಊರಿಗೆ ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರಲ್ಲಿ. ಹಳೆಯ ಕಡತಗಳಲ್ಲಿ ಅದು ಗುಲ್ಬರ್ಗಾ. ಇಂಗ್ಲಿಷಿನಲ್ಲಿ ಆಗ ಬಳಕೆಯಲ್ಲಿದ್ದ ಕಾಗುಣಿತದಲ್ಲಿಯೇ ಹುಡುಕಬೇಕು, ಜೊತೆಗೆ ‘ಹೈದರಾಬಾದ್’ ಎಂಬ ಪದ ಹಾಗೂ ಇಸವಿಯನ್ನು ಸೇರಿಸಬೇಕು. ತೀನ್‌ಮೂರ್ತಿ ಭವನದ ಗ್ರಂಥಾಲಯದಲ್ಲಿ, ಅಂದರೆ ಹಿಂದಿನ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ, ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಕಾಗದಪತ್ರಗಳಿವೆ. ಪ್ರಾಂತ್ಯಗಳಿಗೆ ಸಂಬಂಧಿಸಿದ ಕಡತಗಳಲ್ಲಿ ಕರ್ನಾಟಕವನ್ನೂ ಹೈದರಾಬಾದನ್ನೂ ಬೇರೆಬೇರೆಯಾಗಿ ನೋಡಬೇಕು.

ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯನ್ನು ಎಲ್ಲರೂ ಉದ್ಧರಿಸುತ್ತಾರೆ, ಪೂರ್ತಿಯಾಗಿ ಓದುವವರು ಕಡಿಮೆ. ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಅವರಿದ್ದ ಆ ಆಯೋಗಕ್ಕೆ 1,52,250 ಮನವಿ ಮತ್ತು ಪತ್ರಗಳು ಬಂದಿದ್ದವು. ಅವುಗಳಲ್ಲಿ ಹೆಚ್ಚಿನವು ತಂತಿಗಳೂ ಅಚ್ಚು ಹಾಕಿಸಿದ ನಿರ್ಣಯಗಳೂ ಆಗಿದ್ದು, ವಿಚಾರಪೂರ್ವಕವಾಗಿ ಸಿದ್ಧಪಡಿಸಿದ ಮನವಿಗಳು ಸುಮಾರು 2,000 ಮಾತ್ರ ಎಂದು ವರದಿಯ ಆರಂಭದಲ್ಲಿಯೇ ಹೇಳಲಾಗಿದೆ. ಈ ವ್ಯತ್ಯಾಸವೇ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಒಂದು ಒಳ್ಳೆಯ ವಿಷಯ. ನಿಮ್ಮ ಜಿಲ್ಲೆಗಳ ಪುರಸಭೆಗಳು, ವಕೀಲರ ಸಂಘಗಳು, ವರ್ತಕರ ಮಂಡಳಿಗಳು ಮನವಿ ಸಲ್ಲಿಸಿದ್ದರೆ ಅದರ ಒಂದು ಪ್ರತಿ ಆಯಾ ಸಂಸ್ಥೆಯ ನಡವಳಿ ಪುಸ್ತಕದಲ್ಲಿ ಉಳಿದಿರುವ ಸಾಧ್ಯತೆ ಇದೆ. ದೆಹಲಿಗೆ ಹೊರಡುವ ಮುನ್ನ ಊರಿನ ಪುರಸಭೆಯ ದಾಖಲೆ ಕೊಠಡಿಯನ್ನೂ ರಾಜ್ಯ ಪತ್ರಾಗಾರದ ಕಲಬುರಗಿ ವಿಭಾಗೀಯ ಕಚೇರಿಯನ್ನೂ ನೋಡಿಕೊಂಡು ಹೋಗಿ. ಎಲ್ಲ ಕಡೆಗೂ ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿ ಬೇಕು. ಆ ಪತ್ರದಲ್ಲಿ ಪ್ರಬಂಧದ ಶೀರ್ಷಿಕೆಯ ಜೊತೆಗೆ ನೀವು ನೋಡಬಯಸುವ ಇಲಾಖೆ ಮತ್ತು ವರ್ಷಗಳನ್ನೂ ಬರೆಸಿಕೊಂಡರೆ ಅಲ್ಲಿನ ಸಿಬ್ಬಂದಿಗೆ ನೆರವಾಗಲು ಅನುಕೂಲವಾಗುತ್ತದೆ.

ಪ್ರಶ್ನೆ: ಹಿಂದುಳಿದ ವರ್ಗಗಳ ಮೀಸಲಾತಿಗೆ ಸಂಬಂಧಿಸಿದ ಮಿಲ್ಲರ್ ಸಮಿತಿಯ ವರದಿ, ನಾಗನಗೌಡ ಸಮಿತಿಯ ವರದಿ ಮತ್ತು ಹಾವನೂರು ವರದಿ ಈ ಮೂರನ್ನು ಹೋಲಿಸಿ ಬರೆಯಬೇಕೆಂದಿದ್ದೇನೆ. ಗ್ರಂಥಾಲಯದ ಗಣಕಯಂತ್ರದಲ್ಲಿ ‘ಮಿಲ್ಲರ್ ಕಮಿಟಿ’ ಎಂದು ಹುಡುಕಿದರೆ ಏನೂ ಬರುವುದಿಲ್ಲ. ವರದಿ ಇಲ್ಲವೆಂದು ತಿಳಿಯಬೇಕೇ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಹಾಗೆ ತಿಳಿಯಬೇಡಿ. ವರದಿಯ ಮುಖಪುಟದ ಮೇಲೆ ಮಿಲ್ಲರ್ ಎಂಬ ಶೀರ್ಷಿಕೆಯೇ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ರಚಿಸಿದ ಸಮಿತಿಯ ಅಧಿಕೃತ ಹೆಸರು, ಸರ್ಕಾರಿ ಸೇವೆಯಲ್ಲಿ ಸಮುದಾಯಗಳಿಗೆ ಸಾಕಷ್ಟು ಪ್ರಾತಿನಿಧ್ಯ ದೊರಕಿಸಲು ಬೇಕಾದ ಕ್ರಮಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿ ಎಂಬ ಉದ್ದನೆಯ ಹೆಸರು. 1919ರ ವರದಿ ಇಂಗ್ಲಿಷಿನಲ್ಲಿ ಆ ಹೆಸರಿನಲ್ಲಿಯೇ ಇದೆ. ನಾವು ಇಂದು ಮಾತಿನಲ್ಲಿ ಬಳಸುವ ಹೆಸರನ್ನು ಕ್ಯಾಟಲಾಗು ಮಾಡಿದವರು ಎಲ್ಲಿಯೂ ಬರೆಯದಿದ್ದರೆ ಗಣಕಯಂತ್ರ ಅದನ್ನು ತೋರಿಸುವುದಿಲ್ಲ.

ಸರ್ಕಾರಿ ಪ್ರಕಟಣೆಗಳಿಗೆ ಗ್ರಂಥಪಾಲಕರು ಕರ್ತೃವೆಂದು ನಮೂದಿಸುವುದು ಸಾಮಾನ್ಯವಾಗಿ ಸರ್ಕಾರವನ್ನು ಅಥವಾ ಆಯೋಗವನ್ನು, ಅಧ್ಯಕ್ಷರನ್ನು ಅಲ್ಲ. ಆದ್ದರಿಂದ ಮಿಲ್ಲರ್ ಮತ್ತು ನಾಗನಗೌಡ ವರದಿಗಳನ್ನು ‘ಮೈಸೂರು’ ಎಂಬ ಕರ್ತೃವಿನ ಕೆಳಗೆ ಹುಡುಕಬೇಕು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಪ್ರಕಟಣೆಗಳು ಅನೇಕ ಗ್ರಂಥಾಲಯಗಳಲ್ಲಿ ಇಂದಿಗೂ ಮೈಸೂರು ಎಂಬ ಹೆಸರಿನಲ್ಲಿಯೇ ಇವೆ. ಹಾವನೂರು ಆಯೋಗ ಈ ಗಡಿಯ ಮೇಲೆಯೇ ನಿಂತಿದೆ: ದೇವರಾಜ ಅರಸರ ಸರ್ಕಾರ ಅದನ್ನು ನೇಮಿಸಿದ್ದು 1972ರಲ್ಲಿ, ಮೈಸೂರು ರಾಜ್ಯವಾಗಿದ್ದಾಗ, ವರದಿ ಬಂದದ್ದು 1975ರಲ್ಲಿ, ಕರ್ನಾಟಕವಾದ ಮೇಲೆ. ಅದನ್ನು ‘ಕರ್ನಾಟಕ, ಹಿಂದುಳಿದ ವರ್ಗಗಳ ಆಯೋಗ’ ಎಂದು ಕೇಳಿ, ಸಿಗದಿದ್ದರೆ ಮೈಸೂರು ಎಂದೂ ನೋಡಿ. ಹಳೆಯ ಗ್ರಂಥಾಲಯಗಳಲ್ಲಿ ಕಾರ್ಡು ಕ್ಯಾಟಲಾಗು ಉಳಿದಿದ್ದರೆ ಅದನ್ನೂ ಬಿಡಬೇಡಿ; ಗಣಕೀಕರಣದ ಅವಸರದಲ್ಲಿ ಕೈಬಿಟ್ಟ ವರದಿಗಳು ಆ ಮರದ ಡ್ರಾಯರುಗಳಲ್ಲಿ ಮಾತ್ರ ಉಳಿದಿರುವುದುಂಟು. ಕಪಾಟಿನ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ರಾಜ್ಯಶಾಸ್ತ್ರ 320ರಿಂದ ಆರಂಭವಾಗುತ್ತದೆ, ಚುನಾವಣೆ 324, ಶಾಸನಸಭೆಗಳು 328, ಸಂವಿಧಾನ 342. ಹಿಂದುಳಿದ ವರ್ಗಗಳ ವರದಿ ಇವಾವುದರಲ್ಲಿಯೂ ಇರದೆ ಸಮಾಜಶಾಸ್ತ್ರದ ಅಥವಾ ಸಾರ್ವಜನಿಕ ಆಡಳಿತದ ಕಪಾಟಿನಲ್ಲಿ ಇರಬಹುದು.

ವರದಿ ಕೈಗೆ ಬಂದ ಮೇಲೆ ಅಷ್ಟಕ್ಕೇ ನಿಲ್ಲಬಾರದೆಂಬುದು ನನ್ನ ಕಳಕಳಿಯ ಸಲಹೆ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕೆಂದು ಮಿಲ್ಲರ್ ಸಮಿತಿ ಶಿಫಾರಸು ಮಾಡಿತು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಆ ಶಿಫಾರಸು ಕಾರ್ಯರೂಪಕ್ಕೆ ಬಂದಿತೇ ಎಂಬುದನ್ನು ವರದಿ ಹೇಳಲಾರದು. ಅದಕ್ಕೆ ನೀವು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ಓದಬೇಕು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ 144 ಸದಸ್ಯರೊಡನೆ ಮೊದಲ ಬಾರಿ ಸೇರಿದ ಆ ಸಭೆ 1949ರವರೆಗೆ ನಡೆಯಿತು. ದಸರಾ ಅಧಿವೇಶನ, ಮಹಾರಾಜರ ಜನ್ಮದಿನದ ಅಧಿವೇಶನ ಎಂದು ಎರಡು ಅಧಿವೇಶನಗಳು ನಡೆಯತೊಡಗಿದ ಮೇಲೆ ನಡವಳಿಗಳೂ ಪ್ರತ್ಯೇಕವಾಗಿ ಅಚ್ಚಾದವು. ಆದ್ದರಿಂದ ವರ್ಷವನ್ನು ಮಾತ್ರ ಹೇಳಿ ಕೇಳಿದರೆ ಒಂದು ಸಂಪುಟ ಕೈಗೆ ಬಂದು ಇನ್ನೊಂದು ಉಳಿದುಬಿಡಬಹುದು. ಆರಂಭದಲ್ಲಿ ದಿವಾನರ ಭಾಷಣ, ಅನಂತರ ಪ್ರತಿನಿಧಿಗಳ ಅಹವಾಲು ಮತ್ತು ಅವಕ್ಕೆ ಸರ್ಕಾರದ ಉತ್ತರ ಇರುತ್ತವೆ. 1920ರ ದಶಕದ ಸಂಪುಟಗಳಲ್ಲಿ ನೇಮಕಾತಿಯ ಬಗ್ಗೆ ಕೇಳಿದ ಪ್ರಶ್ನೆಗಳನ್ನು ವರ್ಷವಾರು ಗುರುತು ಮಾಡಿಕೊಂಡು ಹೋದರೆ ಮಿಲ್ಲರ್ ವರದಿಯ ಮುಂದಿನ ಚರಿತ್ರೆ ನಿಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ. ಈ ಸಂಪುಟಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ವಿಧಾನಮಂಡಲದ ಗ್ರಂಥಾಲಯವನ್ನೂ ಕೇಳಬೇಕು. ನೀವಿರುವ ಊರಿನಲ್ಲಿಯೇ ವಿಶ್ವವಿದ್ಯಾನಿಲಯದ ಗ್ರಂಥಾಲಯವಿರುವುದರಿಂದ ಅಲ್ಲಿಂದಲೇ ಆರಂಭಿಸಿ.

ನಾಗನಗೌಡ ಸಮಿತಿಯ ವಿಷಯದಲ್ಲಿ ಇನ್ನೊಂದು ಬಗೆಯ ಆಕರವಿದೆ. ಆ ಸಮಿತಿಯ ವರದಿಯನ್ನು ಆಧರಿಸಿ ಸರ್ಕಾರ ಹೊರಡಿಸಿದ 1962ರ ಆದೇಶ ಕಾಲೇಜು ಪ್ರವೇಶದಲ್ಲಿ ಒಟ್ಟು ಶೇಕಡ 68ರಷ್ಟು ಸ್ಥಾನಗಳನ್ನು ಕಾಯ್ದಿರಿಸಿತ್ತು, ಎಂ.ಆರ್. ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಆ ತೀರ್ಪನ್ನು ಎ.ಐ.ಆರ್. 1963 ಎಸ್.ಸಿ. 649 ಎಂದು ಉಲ್ಲೇಖಿಸುತ್ತಾರೆ. ಇದರ ಅರ್ಥ ಆಲ್ ಇಂಡಿಯಾ ರಿಪೋರ್ಟರಿನ 1963ರ ಸುಪ್ರೀಂ ಕೋರ್ಟ್ ಸಂಪುಟದ 649ನೆಯ ಪುಟ ಎಂದು. ಯಾವುದೇ ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ ಈ ಸಂಖ್ಯೆ ಹೇಳಿದರೆ ಸಾಕು. ಸಮಿತಿ ಹಿಂದುಳಿದಿರುವಿಕೆಯನ್ನು ಯಾವ ಅಳತೆಗೋಲಿನಿಂದ ಅಳೆಯಿತು ಎಂಬುದನ್ನು ಈ ತೀರ್ಪು ವಿವರವಾಗಿ ಪರಿಶೀಲಿಸುತ್ತದೆ. ವರದಿಯ ಮೂಲ ಪ್ರತಿ ದೊರೆಯುವವರೆಗೆ ನಿಮ್ಮ ಕೆಲಸ ನಿಲ್ಲಬೇಕಾಗಿಲ್ಲ.

ಪ್ರಶ್ನೆ: ಕರ್ನಾಟಕದ ವಿಧಾನಸಭಾ ಕ್ಷೇತ್ರಗಳ ಫಲಿತಾಂಶಗಳನ್ನು 1952ರಿಂದ ಇಂದಿನವರೆಗೆ ಹೋಲಿಸುತ್ತಿದ್ದೇನೆ. 1952ಕ್ಕೆ ಮೈಸೂರು ರಾಜ್ಯದ 99 ಸ್ಥಾನಗಳ ಅಂಕಿ ಅಂಶ ಮಾತ್ರ ಸಿಕ್ಕಿದೆ. ಕೆಲವು ಕ್ಷೇತ್ರಗಳಲ್ಲಿ ಚಲಾಯಿತ ಮತಗಳು ಮತದಾರರ ಸಂಖ್ಯೆಗೆ ತಾಳೆಯಾಗುವುದಿಲ್ಲ. ಅಚ್ಚಿನ ದೋಷವೇ?
— ಕಾಲೇಜು ಅಧ್ಯಾಪಕ, ಮಂಡ್ಯ

ಉತ್ತರ: ಅಚ್ಚಿನ ದೋಷವಲ್ಲ. 1952 ಮತ್ತು 1957ರ ಚುನಾವಣೆಗಳಲ್ಲಿ ಕೆಲವು ಕ್ಷೇತ್ರಗಳು ದ್ವಿಸದಸ್ಯ ಕ್ಷೇತ್ರಗಳಾಗಿದ್ದವು. ಅಲ್ಲಿ ಒಬ್ಬೊಬ್ಬ ಮತದಾರನಿಗೂ ಎರಡು ಮತಗಳಿದ್ದವು. ಎರಡು ಸ್ಥಾನಗಳಲ್ಲಿ ಒಂದು ಮೀಸಲಾಗಿರುತ್ತಿತ್ತು. ಆದ್ದರಿಂದ ಮತಗಳ ಮೊತ್ತ ಮತ ಹಾಕಿದವರ ಸಂಖ್ಯೆಯನ್ನು ಮೀರುವುದು ಸಹಜ, ಶೇಕಡಾವಾರು ಲೆಕ್ಕವನ್ನು ಅಲ್ಲಿ ಬೇರೆಯಾಗಿಯೇ ಹಾಕಬೇಕು. 1961ರ ಕಾಯಿದೆಯೊಂದರಿಂದ ಈ ಪದ್ಧತಿ ಕೊನೆಗೊಂಡಿತು.

ನಿಮಗೆ 99 ಸ್ಥಾನಗಳು ಮಾತ್ರ ಸಿಕ್ಕಿರುವುದು ನೀವು ಮೈಸೂರು ರಾಜ್ಯದ ವರದಿಯನ್ನು ಮಾತ್ರ ತೆರೆದಿರುವುದರಿಂದ. ಇಂದಿನ ಕರ್ನಾಟಕದ 1952ರ ಚಿತ್ರ ಬೇಕಾದರೆ ಐದು ವರದಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯ ವರದಿಯಲ್ಲಿವೆ. ದಕ್ಷಿಣ ಕನ್ನಡ, ಬಳ್ಳಾರಿ ಮತ್ತು ಕೊಳ್ಳೇಗಾಲ ಮದರಾಸಿನ ವರದಿಯಲ್ಲಿವೆ; ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಆಂಧ್ರ ರಾಜ್ಯ ರಚನೆಯಾದಾಗ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳನ್ನು 175 ಸ್ಥಾನಗಳ ಹೈದರಾಬಾದಿನ ವರದಿಯಲ್ಲಿಯೂ, ಕೊಡಗನ್ನು 24 ಸ್ಥಾನಗಳಿದ್ದ ಅದರದೇ ವಿಧಾನಸಭೆಯ ವರದಿಯಲ್ಲಿಯೂ ಹುಡುಕಬೇಕು. ಇವೆಲ್ಲವೂ ಚುನಾವಣಾ ಆಯೋಗದ ಜಾಲತಾಣದಲ್ಲಿವೆ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲದಲ್ಲಿ ಪ್ರಕಟವಾದ ಮೊದಲ ಮಹಾಚುನಾವಣೆಯ ವರದಿಯನ್ನೂ ಹಳೆಯ ಗ್ರಂಥಾಲಯಗಳಲ್ಲಿ ಕೇಳಿ, ಅದರಲ್ಲಿ ಅಂಕಿಗಳ ಜೊತೆಗೆ ಚುನಾವಣೆ ನಡೆಸಿದ ಬಗೆಯ ವಿವರಣೆಯೂ ಇದೆ.

ಇನ್ನೊಂದು ಮಾತು. ಕ್ಷೇತ್ರದ ಹೆಸರು ಒಂದೇ ಆಗಿದ್ದರೆ ಕ್ಷೇತ್ರವೂ ಒಂದೇ ಎಂದು ಭಾವಿಸಬೇಡಿ. ವಿಧಾನಸಭೆಯ ಸ್ಥಾನಗಳು 1957ರಲ್ಲಿ 208, 1967ರಲ್ಲಿ 216, 1978ರಿಂದ 224. 1978 ಮತ್ತು 2008ರ ನಡುವೆ ಸ್ಥಾನಗಳ ಸಂಖ್ಯೆ ಬದಲಾಗಲಿಲ್ಲವಾದರೂ 2008ರ ಚುನಾವಣೆ ಹೊಸ ಕ್ಷೇತ್ರ ಪುನರ್ವಿಂಗಡಣೆಯಂತೆ ನಡೆದು ಅನೇಕ ಕ್ಷೇತ್ರಗಳ ಗಡಿ ಬದಲಾಯಿತು. ಪ್ರತಿ ಪುನರ್ವಿಂಗಡಣಾ ಆದೇಶದ ಅನುಸೂಚಿಯಲ್ಲಿ ಯಾವ ಹೋಬಳಿ, ಯಾವ ವೃತ್ತ ಯಾವ ಕ್ಷೇತ್ರದಲ್ಲಿದೆ ಎಂಬ ವಿವರವಿರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಮಾಡಿದ ಹೋಲಿಕೆಗೆ ಬೆಲೆಯಿಲ್ಲ. ಮತಗಟ್ಟೆವಾರು ಅಂಕಿ ಬೇಕಾದರೆ ನಮೂನೆ 20ನ್ನು ಕೇಳಬೇಕು. ಈಚಿನ ಚುನಾವಣೆಗಳದ್ದು ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ.

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ವಿದೇಶಿ ನಿಯತಕಾಲಿಕಗಳ ಲೇಖನ ಓದಲು ಹಣ ಕೇಳುತ್ತಾರೆ. ದಾರಿ ಇದೆಯೇ?
— ಅಧ್ಯಾಪಕಿ, ರಾಯಚೂರು ಜಿಲ್ಲೆ

ಉತ್ತರ: ಇದೆ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದ್ದು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಿರ್ವಹಿಸುತ್ತಿದೆ. ನಿಮ್ಮ ಕಾಲೇಜು ನೋಂದಾಯಿಸಿಕೊಂಡಿದೆಯೇ ಎಂದು ಗ್ರಂಥಪಾಲಕರನ್ನು, ಅವರಿಲ್ಲದಿದ್ದರೆ ಪ್ರಾಂಶುಪಾಲರನ್ನು ಕೇಳಿ; ಆಗಿಲ್ಲದಿದ್ದರೆ ಲಿಖಿತ ಮನವಿ ಕೊಟ್ಟು ಮಾಡಿಸಿ, ಅದು ನಿಮ್ಮ ವಿದ್ಯಾರ್ಥಿಗಳ ಹಕ್ಕು. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಅದೇ ಕೇಂದ್ರದ ಶೋಧಗಂಗಾದಲ್ಲಿ ಯಾವ ಚಂದಾ ಇಲ್ಲದೆ ಓದಬಹುದು. ಪ್ರಬಂಧದ ವಾದ ದುರ್ಬಲವಾಗಿದ್ದರೂ ಅದರ ಗ್ರಂಥಸೂಚಿಯಲ್ಲಿ ನಿಮಗೆ ಬೇಕಾದ ಕಡತದ ಸಂಖ್ಯೆ ಇರಬಹುದು, ಆದ್ದರಿಂದ ಕೊನೆಯ ಪುಟಗಳಿಂದ ಓದಲು ತೊಡಗಿ.

ಪ್ರಶ್ನೆ: ತುರ್ತುಪರಿಸ್ಥಿತಿಯ ಕಾಲದ ಕನ್ನಡ ಪತ್ರಿಕೆಗಳನ್ನು ನೋಡಬೇಕಾಗಿದೆ. ಯಾವುದಕ್ಕೂ ವಿಷಯಸೂಚಿ ಇಲ್ಲ. ಸಂಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕುವುದೊಂದೇ ಉಪಾಯವೇ?
— ಹವ್ಯಾಸಿ ಸಂಶೋಧಕ, ಶಿವಮೊಗ್ಗ

ಉತ್ತರ: ವಿಷಯಸೂಚಿ ಇಲ್ಲದಿದ್ದಾಗ ತಾರೀಖೇ ಸೂಚಿ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ಘಟನೆಗಳ ತಾರೀಖುಗಳನ್ನು ಮೊದಲು ಬೇರೆಡೆಯಿಂದ ಪಟ್ಟಿ ಮಾಡಿಕೊಳ್ಳಿ. ಅದಕ್ಕೆ 1955ರಿಂದ ದೆಹಲಿಯಿಂದ ವಾರಕ್ಕೊಮ್ಮೆ ಹೊರಬರುತ್ತಿದ್ದ ‘ಏಷ್ಯನ್ ರೆಕಾರ್ಡರ್’ ಎಂಬ ಸುದ್ದಿಸಾರ ಬಹಳ ಅನುಕೂಲ. ಅದಕ್ಕೆ ಅನುಕ್ರಮಣಿಕೆ ಇದೆ. ವಿಧಾನಸಭೆಯ ಚರ್ಚೆಗಳ ಸಂಪುಟಗಳಿಂದ ಅಧಿವೇಶನದ ದಿನಗಳು ತಿಳಿಯುತ್ತವೆ. ಆಮೇಲೆ ಆಯಾ ತಾರೀಖಿನ ಕನ್ನಡ ಪತ್ರಿಕೆಯನ್ನು ತರಿಸಿಕೊಂಡು ಮುಂದಿನ ಮೂರು ದಿನಗಳ ಸಂಚಿಕೆಗಳನ್ನೂ ನೋಡಿ, ಏಕೆಂದರೆ ದೂರದ ಊರುಗಳಿಗೆ ಹೋಗುತ್ತಿದ್ದ ಆವೃತ್ತಿ ಬೇಗನೆ ಅಚ್ಚಾಗಬೇಕಿದ್ದುದರಿಂದ ರಾತ್ರಿಯ ಸುದ್ದಿ ಅದರಲ್ಲಿ ಮರುದಿನಕ್ಕೆ ಹೋಗುತ್ತಿತ್ತು.

ಸೆನ್ಸಾರ್ ಇದ್ದ ಕಾಲವಾದ್ದರಿಂದ ಪತ್ರಿಕೆಯಲ್ಲಿ ಇಲ್ಲದ್ದು ನಡೆಯಲಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಬಂಧನಗಳ ವಿಷಯಕ್ಕೆ ನ್ಯಾಯಾಲಯದ ದಾಖಲೆಗಳು ಬೇಕು. ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿ ಅಲ್ಲಿನ ಸೆರೆಮನೆಯಲ್ಲಿ ಇರಿಸಿದ್ದರಿಂದ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿಯೂ ಆ ಕಾಲದ ಮೊಕದ್ದಮೆಗಳಿವೆ. ತುರ್ತುಪರಿಸ್ಥಿತಿಯ ಕಾಲದ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ 1978ರ ವರದಿಗಳಲ್ಲಿ ರಾಜ್ಯವಾರು ವಿವರಗಳಿವೆ. ಅವುಗಳಲ್ಲಿ ಸಿಗುವ ತಾರೀಖುಗಳನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಂಡು ಪತ್ರಿಕೆಗಳತ್ತ ಮತ್ತೆ ಬಂದರೆ, ಮೊದಲ ಸಲ ಕಣ್ಣಿಗೆ ಬೀಳದೆ ಹೋಗಿದ್ದ ಒಳಪುಟದ ಸಣ್ಣ ಸುದ್ದಿಗಳು ಈಗ ಅರ್ಥವಾಗತೊಡಗುತ್ತವೆ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿ. ಅನಂತರ ಪತ್ರಿಕಾ ಸಂಸ್ಥೆಗಳ ಸ್ವಂತ ಗ್ರಂಥಾಲಯಗಳಿಗೆ ಅನುಮತಿ ಕೇಳಿ ಪತ್ರ ಬರೆಯಿರಿ. 1954ರ ಪುಸ್ತಕ ಸಲ್ಲಿಕೆ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾಗಿ ಪತ್ರಿಕೆಗಳೂ ಅದರ ವ್ಯಾಪ್ತಿಗೆ ಬಂದವು, ಆದ್ದರಿಂದ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತು ಚೆನ್ನೈನ ಕನ್ನೆಮರಾ ಗ್ರಂಥಾಲಯಗಳಲ್ಲಿಯೂ ಕೇಳಿ ನೋಡಬಹುದು. ಹಳೆಯ ಪತ್ರಿಕೆಯ ಕಾಗದ ಮಡಿಕೆಯ ಜಾಗದಲ್ಲಿ ಮುರಿಯುತ್ತದೆ. ಸಂಪುಟವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಪುಟದ ಮೇಲ್ತುದಿಯನ್ನು ಹಿಡಿದು ತಿರುಗಿಸಿ. ಜೆರಾಕ್ಸ್ ಕೇಳದೆ, ಅನುಮತಿ ಪಡೆದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಪ್ರತಿ ಚಿತ್ರದ ಜೊತೆಗೆ ಪತ್ರಿಕೆಯ ಹೆಸರು, ಆವೃತ್ತಿ, ತಾರೀಖು, ಪುಟ ಮತ್ತು ಅಂಕಣವನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಿ, ಸಂಪುಟ ಇರುವ ಗ್ರಂಥಾಲಯದ ಹೆಸರನ್ನೂ ಸೇರಿಸಿ.